ಹಳೇ ಕ್ಯಾಂಪರ್ ವ್ಯಾನ್ ರಿಪೇರಿ: ಎಲ್ಲಿ ರೊಕ್ಕ ಹಾಕಬೇಕು, ಎಲ್ಲಿ ಕೈ ಬಿಗಿ ಹಿಡಿಯಬೇಕು

ಧಾರವಾಡದ ಒಂದು ಹಿತ್ತಲಲ್ಲಿ, ಹುಣಸೇ ಮರದ ಕೆಳಗೆ, ಆರು ಮಳೆಗಾಲ ನಿಂತಿದ್ದ ಟೆಂಪೋ ಟ್ರಾವೆಲರ್ ಅದು. 2006ರ ಗಾಡಿ. ಮಾಲೀಕರು ನಿವೃತ್ತ ಮಾಸ್ತರರು. ಸೀಟು ಕಿತ್ತಿಸಿ, ಮಂಚ, ಕಪಾಟು, ಅಡಿಗೆ ಕಟ್ಟೆ ಹಾಕಿಸಿ, ಒಳಗೇ ಉಂಡು ಮಲಗೋ ಕ್ಯಾಂಪರ್ ಮಾಡಿಕೊಂಡು ದಾಂಡೇಲಿ, ಗೋಕರ್ಣ, ಬಾದಾಮಿ ಅಂತ ಮನೆಮಂದಿಯನ್ನೆಲ್ಲ ಸುತ್ತಿಸಿದವರು. ಆಮೇಲೆ ಅವರ ಮೊಣಕಾಲು ಕೈಕೊಟ್ಟಿತು, ಗಾಡಿ ನಿಂತಿತು. ನಿಲ್ಲೋ ಮುಂಚಿನ ಹಂಗಾಮಿನಲ್ಲಿ ಬ್ಯಾಡಗಿ ಕಡೆಯ ಸಂಬಂಧಿಕರೊಬ್ಬರು ಅದರಲ್ಲಿ ಮೆಣಸಿನಕಾಯಿ ಚೀಲ ಹೇರಿದ್ದರಂತೆ. ನಾವು ಬಾಗಿಲು ಎಳೆದ ಕೂಡಲೇ ನಾನು, ನನ್ನ ತಮ್ಮ, ಜೊತೆಗೆ ಬಂದ ಮಿಸ್ತ್ರಿ ಮೂವರೂ ಸಾಲಾಗಿ ಸೀನಿದೆವು.

ಮಿಸ್ತ್ರಿ ಒಳಗೆ ಹತ್ತಿ ನೆಲಕ್ಕೆ ಸ್ಕ್ರೂಡ್ರೈವರ್ ಒತ್ತಿದ. ಹಪ್ಪಳಕ್ಕೆ ಚುಚ್ಚಿದ ಹಾಗೆ ಕೆಳಗೆ ಹೋಯಿತು. "ಅಣ್ಣಾರ, ಇದನ್ನ ಗುಜರಿಗೆ ಕೊಟ್ಟು, ಆ ರೊಕ್ಕದಾಗ ಒಂದ ಚಲೋ ಟೆಂಟ್ ತಗೊಳ್ರಿ" ಅಂದ.

ಆದರೂ ಎಳೆಸಿಕೊಂಡು ಹುಬ್ಬಳ್ಳಿಗೆ ತಂದೆವು. ಸರಿ ಮಾಡೋಕೆ ಹದಿನಾಲ್ಕು ತಿಂಗಳು ಹಿಡಿಯಿತು. ಪ್ರತಿ ಕೆಲಸಕ್ಕೂ ಎರಡು ಮೂರು ದಾರಿ, ಪ್ರತಿ ದಾರಿಗೂ ಒಬ್ಬೊಬ್ಬ ವಕೀಲ. ಕೊನೆಗೆ ನಮಗೆ ಉಪಯೋಗಕ್ಕೆ ಬಂದ ಪ್ರಶ್ನೆ ಒಂದೇ: ಈ ಜಾಗಕ್ಕೆ ನೀರು ಬರುತ್ತಾ? ಬರೋದಾದರೆ ಅಲ್ಲಿ ಜುಗ್ಗತನ ಮಾಡಲಿಲ್ಲ. ಬರದಿದ್ದರೆ ಅಗ್ಗದ್ದೇ ಸಾಕು ಅಂದೆವು. ಒಂದು ಕಡೆ ಈ ಲೆಕ್ಕ ತಪ್ಪಿತು. ಅದನ್ನು ಬ್ಯಾಟರಿ ವಿಷಯ ಬಂದಾಗ ಹೇಳುತ್ತೇನೆ.

ಯಾವ ಗಾಡಿ?

ನಮ್ಮ ಕಡೆ ಹಳೇ ಕ್ಯಾಂಪರ್ ಅಂತ ಸಿಗೋದು ಹೆಚ್ಚಾಗಿ ಮೂರು: ಮಾರುತಿ ಓಮ್ನಿ, ಮೆಟಡಾರ್, ಟ್ರಾವೆಲರ್.

ಓಮ್ನಿ 1984ರಿಂದ 2019ರವರೆಗೆ ಬಂತು. 796 ಸಿಸಿಯ ಸಣ್ಣ ಪೆಟ್ರೋಲ್ ಎಂಜಿನ್, ಯಾವ ಊರಿನ ಮಿಸ್ತ್ರಿಗೂ ಬಾಯಿಪಾಠ. ಇಬ್ಬರು ಮಲಗಬಹುದು, ಆದರೆ ಒಳಗೆ ನಿಲ್ಲೋಕಾಗಲ್ಲ. ಮಳೆ ಬಂದು ಎರಡು ದಿನ ಒಳಗೇ ಕೂರಬೇಕಾಗಿ ಬಂದರೆ ಗಂಡ ಹೆಂಡತಿ ನಡುವೆ ಮಾತು ನಿಲ್ಲುತ್ತದೆ. ಮೆಟಡಾರ್ ನೋಡೋಕೆ ಚಂದ, ಬಿಡಿಭಾಗಕ್ಕೆ ಮಾತ್ರ ಗುಜರಿ ಗುಜರಿ ಅಲೆಯಬೇಕು. ಟ್ರಾವೆಲರ್ ಬಂದದ್ದು 1987ರಲ್ಲಿ. ಮರ್ಸಿಡಿಸ್ ವ್ಯಾನಿನ ವಿನ್ಯಾಸ, ಮಾಡಿದ್ದು ಬಜಾಜ್ ಟೆಂಪೋ. ಆ ಕಂಪನಿ 2005ರಲ್ಲಿ ಫೋರ್ಸ್ ಮೋಟರ್ಸ್ ಅಂತ ಹೆಸರು ಬದಲಿಸಿಕೊಂಡಿತು. ಮದುವೆ ದಿಬ್ಬಣದಿಂದ ಹಿಡಿದು ಧರ್ಮಸ್ಥಳ ಟ್ರಿಪ್ಪಿನವರೆಗೆ ಎಲ್ಲದಕ್ಕೂ ಇದೇ ಗಾಡಿ ಓಡಿದ್ದರಿಂದ ಬಿಡಿಭಾಗಕ್ಕೆ ಬರ ಇಲ್ಲ. ನಾಲ್ಕು ಜನರ ಸಂಸಾರಕ್ಕೆ ನಾನು ಟ್ರಾವೆಲರ್ ಅನ್ನೇ ಹೇಳುತ್ತೇನೆ. ಒಬ್ಬರು ಅಥವಾ ಇಬ್ಬರಿಗೆ ಓಮ್ನಿ ಸಾಕು, ಅದಕ್ಕೆ ಖರ್ಚೂ ಕಮ್ಮಿ.

ಉಳಿಸೋದಾ, ಬಿಡೋದಾ?

ಹೊರಗಿನ ತಗಡು ತೂತು ಬಿದ್ದಿದ್ದರೆ ಹೆದರಬೇಡಿ. ಗಾಡಿ ಕೆಳಗೆ ತೂರಿ ಚಾಸಿ ನೋಡಿ. ಉದ್ದಕ್ಕೂ ಹೋಗೋ ಎರಡು ದಪ್ಪ ತೊಲೆ, ಸ್ಪ್ರಿಂಗ್ ಪಟ್ಟಿ ಕೂರೋ ಜಾಗ, ಮುಂದಿನ ಗಾಜಿನ ಚೌಕಟ್ಟು. ಈ ಮೂರು ಕಡೆ ಸುತ್ತಿಗೆಯಿಂದ ಮೆಲ್ಲಗೆ ಬಡಿಯಿರಿ. ಟಣ್ ಅಂದರೆ ಜೀವ ಇದೆ. ಡಬ್ ಅಂದು ಪದರ ಪದರ ಉದುರಿದರೆ ಕೈ ಮುಗಿದು ಬನ್ನಿ. ಹೊರಗಿನ ಪೇಂಟ್ ಮೇಲೆ ಒಂದು ಸಣ್ಣ ಅಯಸ್ಕಾಂತಕ್ಕೆ ಬಟ್ಟೆ ಸುತ್ತಿ ಸರಿಸುತ್ತಾ ಹೋಗಿ. ಎಲ್ಲಿ ಅದು ಹಿಡಿಯದೆ ಜಾರುತ್ತದೋ ಅಲ್ಲಿ ಒಳಗಿರೋದು ತಗಡಲ್ಲ, ಪುಟ್ಟಿ. ನಮ್ಮ ಗಾಡಿಯ ಎಡಗಡೆ ಚಕ್ರದ ಮೇಲ್ಭಾಗದಲ್ಲಿ ಒಂದು ಚಪಾತಿ ಅಗಲ ಅಯಸ್ಕಾಂತ ಹಿಡಿಯಲೇ ಇಲ್ಲ.

ಎಂಜಿನ್ ಸುದ್ದಿ ಆಮೇಲೆ. ಮೊದಲು ಕಾಗದ. ಹಳದಿ ಬೋರ್ಡಿನ ಗಾಡಿಯಾದರೆ 8 ವರ್ಷ ದಾಟಿದ ಮೇಲೆ ಪ್ರತಿ ವರ್ಷ ಫಿಟ್‌ನೆಸ್ ಪರೀಕ್ಷೆ. ಬಿಳಿ ಬೋರ್ಡಾದರೆ 15 ವರ್ಷಕ್ಕೆ ಆರ್‌ಸಿ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ನವೀಕರಣದ ಶುಲ್ಕ 2022ರ ಏಪ್ರಿಲ್‌ನಿಂದ ಚೆನ್ನಾಗೇ ಏರಿದೆ, ಲೆಕ್ಕದಲ್ಲಿ ಇಟ್ಟುಕೊಳ್ಳಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿ ಬರೆದದ್ದಕ್ಕೂ ಗಾಡಿಗೂ ತಾಳೆ ಆಗಬೇಕು. ಸೀಟು ಕಿತ್ತು ಮಂಚ ಹಾಕಿದರೆ ಅದು ಬದಲಾವಣೆಯೇ. ಖಾಸಗಿ ಬಳಕೆಯ ಕ್ಯಾಂಪರ್ ವ್ಯಾನ್ ಅಂತಲೇ ಒಂದು ವರ್ಗ ಇದೆ. ಹಳೇ ಮಾಲೀಕರು ಹಾಗೆ ನಮೂದು ಮಾಡಿಸಿದ್ದರೆ ನಿಮ್ಮ ಅರ್ಧ ತಲೆನೋವು ಕಮ್ಮಿ. ಮಾಡಿಸಿರದಿದ್ದರೆ ಕೆಲಸ ಶುರು ಮಾಡೋ ಮುಂಚೆಯೇ ಆರ್‌ಟಿಓ ಕಚೇರಿಗೆ ಹೋಗಿ ಕೇಳಿ. ಎಲ್ಲ ಮುಗಿಸಿ ಆಮೇಲೆ ಕೇಳಿದರೆ ಮಂಚ ಬಿಚ್ಚೋ ಪ್ರಸಂಗ ಬರಬಹುದು. ನಮ್ಮ ಮಾಸ್ತರರು ಮಾಸ್ತರರೇ. ಎಲ್ಲ ಕಾಗದ ಕ್ರಮವಾಗಿ, ಪ್ಲಾಸ್ಟಿಕ್ ಚೀಲದಲ್ಲಿ, ದಿನಾಂಕದ ಪ್ರಕಾರ ಇಟ್ಟಿದ್ದರು.

ತೊಳೆಯೋದು: ನೀರಾ, ಗಾಳಿಯಾ?

ಎಲ್ಲರೂ ಮೊದಲು ಹೇಳೋದು ವಾಟರ್ ಸರ್ವಿಸ್‌ಗೆ ಒಯ್ದು ಒಳಗೂ ಪೈಪ್ ಹಿಡಿಸಿ ಅಂತ. ಬೇಡ. ನೆಲದ ಪ್ಲೈ ಅಡಿಗೆ, ಬಾಗಿಲ ಒಳಗೆ, ವೈರಿಂಗ್ ಸಂದಿಗೆ ಸೇರಿದ ನೀರು ತಿಂಗಳಾದರೂ ಆರಲ್ಲ. ಮೊದಲು ಒಳಗಿರೋದನ್ನೆಲ್ಲ ಕಿತ್ತು ಹೊರಗೆ ಹಾಕಿ. ಆಮೇಲೆ ವ್ಯಾಕ್ಯೂಮ್, ಆಮೇಲೆ ಒದ್ದೆ ಬಟ್ಟೆ. ನಮ್ಮ ಗಾಡಿಗಂತೂ ಇದು ಅನಿವಾರ್ಯ. ಮೆಣಸಿನ ಪುಡಿಗೆ ನೀರು ಬಿದ್ದರೆ ಖಾರದ ಚಟ್ನಿ ಆಗಿ ಸಂದಿಗೆ ಅಂಟಿಕೊಳ್ಳುತ್ತದೆ. ತಮ್ಮ ಒಂದು ಮೂಲೆಯಲ್ಲಿ ಅವಸರ ಮಾಡಿ ನೀರು ಹಾಕಿದ. ಎರಡು ದಿನ ಕಣ್ಣು ಉಜ್ಜಿಕೊಳ್ಳುತ್ತಾ ಕೂತಿದ್ದ.

ಒಂದೇ ಒಂದು ಕಡೆ ಈ ಕ್ರಮ ತಿರುವುಮುರುವು: ಇಲಿ ಹಿಕ್ಕೆ. ಅದನ್ನು ಒಣದಾಗಿ ಗುಡಿಸಬಾರದು, ವ್ಯಾಕ್ಯೂಮೂ ಹಿಡಿಯಬಾರದು. ಧೂಳೆದ್ದು ಮೂಗಿಗೆ ಹೋಗುತ್ತದೆ. ಬ್ಲೀಚ್ ಬೆರೆಸಿದ ನೀರು ಚಿಮುಕಿಸಿ, ಸ್ವಲ್ಪ ಹೊತ್ತು ಬಿಟ್ಟು, ಕೈಗವಸು ಮಾಸ್ಕ್ ಹಾಕಿಕೊಂಡು ಹಳೇ ಬಟ್ಟೆಯಲ್ಲಿ ಬಾಚಿ. ಇಲಿ ಜ್ವರ ಅನ್ನೋದು ಇಲಿಯ ಮೂತ್ರದಿಂದ ಬರೋದು. ಕೈಯಲ್ಲಿ ಗಾಯ ಇದ್ದರೆ ಆ ದಿನ ಈ ಕೆಲಸಕ್ಕೆ ಕೈ ಹಾಕಬೇಡಿ.

ಇನ್ನು ಬೂಸು. ತಗಡು, ಗಾಜು, ಪ್ಲಾಸ್ಟಿಕ್ ಮೇಲಿನ ಬೂಸಿಗೆ ಬ್ಲೀಚ್ ಚೆನ್ನಾಗಿ ಕೆಲಸ ಮಾಡುತ್ತದೆ. ಕಟ್ಟಿಗೆಗೆ ಹಚ್ಚಿದರೆ ಮೇಲಿನ ಕಪ್ಪು ಬಿಳಿಚುತ್ತದೆ ಅಷ್ಟೇ, ಬೇರು ಒಳಗೇ ಇರುತ್ತದೆ. ಕಟ್ಟಿಗೆಗೆ ಬಿಳಿ ವಿನೆಗರ್ ಪರವಾಗಿಲ್ಲ. ಆದರೆ ಬ್ಲೀಚಿನ ಜೊತೆ ವಿನೆಗರ್ ಆಗಲಿ, ಟಾಯ್ಲೆಟ್ ತೊಳೆಯೋ ಆ್ಯಸಿಡ್ ಆಗಲಿ ಯಾವತ್ತೂ ಬೆರೆಸಬೇಡಿ. ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಗಾಡಿಯಲ್ಲಿ ಅದು ಜೀವಕ್ಕೆ ಅಪಾಯ. ಪ್ಲೈ ಉಬ್ಬಿ ಪದರ ಬಿಟ್ಟಿದ್ದರೆ ಎರಡೂ ಬೇಡ, ಒಲೆಗೆ ಹಾಕಿ. ನಾವು ಹಳೇ ಕಪಾಟು ಉಳಿಸೋಕೆ ಹದಿನೈದು ದಿನ ಒದ್ದಾಡಿ ಕೊನೆಗೆ ಅದನ್ನೇ ಮಾಡಿದೆವು.

ತುಕ್ಕು: ಉಜ್ಜೋದಾ, ಔಷಧ ಹಚ್ಚೋದಾ, ಕತ್ತರಿಸೋದಾ?

ಮೇಲ್ಮೈ ಮಾತ್ರ ಕೆಂಪಾಗಿದ್ದರೆ ತಂತಿ ಬ್ರಷ್, ಉಸುಕು ಕಾಗದ, ಆಮೇಲೆ ಪ್ರೈಮರ್. ಗುಳಿ ಬಿದ್ದಿದ್ದರೆ ರಸ್ಟ್ ಕನ್ವರ್ಟರ್. ಅದರಲ್ಲಿರೋ ಫಾಸ್ಫಾರಿಕ್ ಅಥವಾ ಟ್ಯಾನಿಕ್ ಆ್ಯಸಿಡ್ ತುಕ್ಕನ್ನು ಗಟ್ಟಿ ಕಪ್ಪು ಪದರ ಮಾಡುತ್ತದೆ. ಉದುರೋ ತುಕ್ಕಿನ ಮೇಲೆ ಹಚ್ಚಿದರೆ ಮಾತ್ರ ದಂಡ, ಪದರದ ಜೊತೆ ಅದೂ ಉದುರುತ್ತದೆ. ತೂತು ಬಿದ್ದಿದ್ದರೆ ಬೇರೆ ದಾರಿಯೇ ಇಲ್ಲ. ಗಟ್ಟಿ ತಗಡು ಸಿಗೋವರೆಗೂ ಕತ್ತರಿಸಿ ಹೊಸ ತುಂಡು ಬೆಸುಗೆ ಹಾಕಿಸಬೇಕು.

ಇಲ್ಲಿ ಎಲ್ಲರೂ ಕೊಡೋ ಅಗ್ಗದ ಸಲಹೆ ಒಂದಿದೆ. ತೂತಿನ ಮೇಲೆ ಫೈಬರ್ ಬಟ್ಟೆ, ಅದರ ಮೇಲೆ ಪುಟ್ಟಿ, ಮೇಲೆ ಪೇಂಟ್, ಕೆಳಗಡೆ ಡಾಂಬರ್. ಮಾರೋ ಗಾಡಿಗೆ ಸರಿ, ಇಟ್ಟುಕೊಳ್ಳೋ ಗಾಡಿಗಲ್ಲ. ನಮ್ಮ ಚಕ್ರದ ಮೇಲಿನ ಚಪಾತಿ ಅಗಲದ ಪುಟ್ಟಿ ತೆಗೆದಾಗ ಒಳಗೆ ಮಡಚಿಟ್ಟ ಪೇಪರು ಸಿಕ್ಕಿತು. ತೂತಿಗೆ ಪೇಪರ್ ತುರುಕಿ ಮೇಲೆ ಪುಟ್ಟಿ ಮೆತ್ತಿದ್ದರು. ಆ ಪೇಪರು ಮೂರು ನಾಲ್ಕು ಮಳೆಗಾಲದ ನೀರು ಕುಡಿದು ಸುತ್ತಲಿನ ತಗಡನ್ನೂ ತಿಂದಿತ್ತು.

ಬೆಸುಗೆಯಲ್ಲೂ ಆಯ್ಕೆ ಇದೆ. ಆರ್ಕ್ ವೆಲ್ಡಿಂಗ್ ಗೇಟು ಗ್ರಿಲ್‌ಗೆ ಸರಿ. ಗಾಡಿಯ 20 ಗೇಜ್ ತಗಡು ಒಂದು ಮಿಲಿಮೀಟರೂ ಇರಲ್ಲ, ಆರ್ಕ್ ಹಿಡಿದರೆ ಇನ್ನೊಂದು ತೂತು. ಗ್ಯಾಸ್ ಬೆಸುಗೆ ಹಳೇ ಟಿಂಕರ್‌ಗಳ ಕೈಯಲ್ಲಿ ಚೆನ್ನಾಗಿ ಬರುತ್ತದೆ, ಆದರೆ ಬಿಸಿ ಹರಡಿ ತಗಡು ಅಲೆ ಏಳುತ್ತದೆ. ಸಿಓ2 ವೆಲ್ಡಿಂಗ್ ಅಂತ ಕರೆಯೋದು, ಅಂದರೆ ಇಂಗಾಲದ ಡೈಆಕ್ಸೈಡ್ ಬಿಡುತ್ತಾ ತೆಳು ತಂತಿ ಕರಗಿಸಿ ಹಾಕೋ ಬೆಸುಗೆ, ಇದಕ್ಕೆ ಒಳ್ಳೇದು. ಚುಕ್ಕಿ ಚುಕ್ಕಿಯಾಗಿ ಹಾಕಿಸಿ, ನಡುನಡುವೆ ತಣಿಯೋಕೆ ಬಿಡಿ. ಶುರು ಮಾಡೋ ಮುಂಚೆ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಸಿ, ಹತ್ತಿರದ ಫೋಮು ರೆಗ್ಜಿನ್ ಎಲ್ಲ ತೆಗೆಸಿ. ಪಕ್ಕದಲ್ಲಿ ಎರಡು ಬಕೆಟ್ ನೀರು ಇರಲಿ. ಬೆಸುಗೆ ಆದ ಕಡೆ ಬರೀ ರೆಡ್ ಆಕ್ಸೈಡ್ ಸಾಲದು, ಎಪಾಕ್ಸಿ ಪ್ರೈಮರ್ ಹಾಕಿಸಿ. ರೆಡ್ ಆಕ್ಸೈಡ್ ಅಗ್ಗ, ಆದರೆ ತೇವ ಒಳಗೆ ಬಿಟ್ಟುಕೊಳ್ಳುತ್ತದೆ. ನೀರು ಮುಟ್ಟೋ ಜಾಗ, ನೆನಪಿದೆಯಲ್ಲ.

ಚಾವಣಿ ಸೋರಿಕೆ

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ನಮ್ಮ ಗಾಡಿಯನ್ನು ತಿಂದದ್ದು ಇದೇ.

ನೀರು ಒಳಗೆ ಬರೋ ಜಾಗ ಬೇರೆ, ತೊಟ್ಟಿಕ್ಕೋ ಜಾಗ ಬೇರೆ. ನಮಗೆ ಹಾಸಿಗೆಯ ತಲೆಗಡೆ, ಹಿಂದಿನ ಎಡಮೂಲೆ ಒದ್ದೆ ಆಗುತ್ತಿತ್ತು. ಆ ಮೂಲೆಗೆ ಎರಡು ಸಲ ಸೀಲ್ ಹಾಕಿಸಿದೆವು, ಸೋರೋದು ನಿಲ್ಲಲಿಲ್ಲ. ಕೊನೆಗೆ ಒಳಗಿನ ಸೀಲಿಂಗ್ ಬಿಚ್ಚಿ, ಕಂಬಿಗಳ ಉದ್ದಕ್ಕೂ ಟಾಲ್ಕಂ ಪೌಡರ್ ಉದುರಿಸಿದೆ. ತಮ್ಮ ಹೊರಗೆ ಏಣಿ ಹತ್ತಿ ಪೈಪಿನಿಂದ ನೀರು ಬಿಡುತ್ತಾ ಬಂದ. ಕೆಳಗಿನಿಂದ ಶುರು ಮಾಡಿ ಮೇಲಕ್ಕೆ, ಒಂದೊಂದು ಜಾಗಕ್ಕೆ ಐದೈದು ನಿಮಿಷ. ನಾನು ಒಳಗೆ ಟಾರ್ಚ್ ಹಿಡಿದು ಮಲಗಿದ್ದೆ. ನಲವತ್ತು ನಿಮಿಷ ಆದ ಮೇಲೆ ಡ್ರೈವರ್ ತಲೆಯ ಮೇಲಿನ ಕ್ಯಾರಿಯರ್ ಬೋಲ್ಟಿನ ಹತ್ತಿರ ಪೌಡರಿನಲ್ಲಿ ಒಂದು ಸಣ್ಣ ಕಪ್ಪು ಗೆರೆ ಮೂಡಿತು. ಇರುವೆ ನಡೆದ ಹಾಗೆ ಕಂಬಿಯ ಗುಂಟ ಹಿಂದಕ್ಕೆ ಹೋಯಿತು. ಮುಂದೆ ಒಳಗೆ ಬಂದ ನೀರು ಇಡೀ ಗಾಡಿ ದಾಟಿ ಹಾಸಿಗೆ ಮೇಲೆ ಬೀಳುತ್ತಿತ್ತು.

ಆ ಬೋಲ್ಟಿನ ಸುತ್ತ ಚಾಕು ಹಾಕಿದರೆ ನಾಲ್ಕು ಪದರ. ಕೆಳಗೆ ಕಾರ್ಖಾನೆಯ ಬೂದು ಸೀಲರ್, ಅದರ ಮೇಲೆ ಬಿಳಿ ಸಿಲಿಕೋನ್, ಮೇಲೆ ಡಾಂಬರ್, ಅದರ ಮೇಲೆ ಎಂ-ಸೀಲ್. ಮಳೆಗಾಲಕ್ಕೊಂದು ಪದರ.

ಸೀಲರ್ ಆರಿಸೋವಾಗ ಹೀಗೆ ನೋಡಿ. ಸಿಲಿಕೋನ್ ಎಲ್ಲ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ, ಅಗ್ಗ, ಬಾತ್‌ರೂಮಿಗೆ ಒಳ್ಳೇದು. ಆದರೆ ಅದರ ಮೇಲೆ ಪೇಂಟ್ ನಿಲ್ಲಲ್ಲ. ಒಮ್ಮೆ ಹಾಕಿ ಬಿಟ್ಟುಕೊಂಡರೆ ಅದೇ ಜಾಗಕ್ಕೆ ಬೇರೇನೂ ಅಂಟಲ್ಲ, ಹೊಸ ಸಿಲಿಕೋನ್ ಕೂಡ. ಡಾಂಬರ್ ಶೀಟು ಏಪ್ರಿಲ್ ಬಿಸಿಲಿಗೆ ಇಳಿಯುತ್ತದೆ, ಎರಡು ವರ್ಷಕ್ಕೆ ಬಿರುಕು. ಎಂ-ಸೀಲ್ ಕಲ್ಲಾಗುತ್ತದೆ. ಗಾಡಿ ರಸ್ತೆಯಲ್ಲಿ ಅಲುಗಾಡೋ ವಸ್ತು, ಕಲ್ಲಾಗಿ ಕೂತದ್ದು ಬಿಟ್ಟುಕೊಳ್ಳದೆ ಇರುತ್ತಾ? ತಗಡಿನ ಜೋಡಣೆಗೆ ಪಿಯು (ಪಾಲಿಯುರೆಥೇನ್) ಸೀಲಂಟ್ ಒಳ್ಳೇದು. ರಬ್ಬರಿನ ಹಾಗೆ ಬಾಗುತ್ತದೆ, ಗಟ್ಟಿಯಾಗಿ ಹಿಡಿಯುತ್ತದೆ, ಮೇಲೆ ಪೇಂಟ್ ಹೊಡೆಯಬಹುದು. ಮುಂದೆ ಬಿಚ್ಚಬೇಕಾಗಿ ಬರೋ ವಸ್ತುವಿಗೆ, ಅಂದರೆ ಚಾವಣಿ ಫ್ಯಾನು, ಕಿಟಕಿ ಚೌಕಟ್ಟು, ಕ್ಯಾರಿಯರ್ ಪಾದಕ್ಕೆ ಬ್ಯೂಟೈಲ್ ಟೇಪ್ ಅನ್ನೋ ಅಂಟು ರಬ್ಬರ್ ಪಟ್ಟಿ. ಅದು ವರ್ಷಗಟ್ಟಲೆ ಮೆತ್ತಗೇ ಇರುತ್ತದೆ, ಕಿತ್ತರೆ ತಗಡು ಕಿತ್ತುಬರಲ್ಲ. ಪಿಯು ಹಾಕಿದ ಫ್ಯಾನನ್ನು ಬಿಚ್ಚಿ ನೋಡಿ, ಫ್ಯಾನೇ ಮುರಿಯುತ್ತದೆ.

ಯಾವುದನ್ನೇ ಹಾಕಿ, ಹಳೇದನ್ನು ತಗಡು ಹೊಳೆಯೋವರೆಗೂ ಕೆರೆದು ತೆಗೆಯೋದೇ ನಿಜವಾದ ಕೆಲಸ. ನಮಗೆ ಮೂರು ಭಾನುವಾರ ಹಿಡಿಯಿತು. ಸೀಲರ್ ಹಚ್ಚಿದ್ದು ಒಂದೇ ಗಂಟೆ.

ಪರೀಕ್ಷೆಗೆ ಧಾರವಾಡದ ಜುಲೈ ತಿಂಗಳೇ ಸರಿ. ಗದಗದ ಕಡೆ ಒಂದು ಗಂಟೆ ಧೋ ಅಂತ ಸುರಿದು ನಿಲ್ಲೋ ಮಳೆಯಲ್ಲಿ ಎಷ್ಟೋ ಸೋರಿಕೆ ಗೊತ್ತೇ ಆಗಲ್ಲ. ಮೂರು ದಿನ ಬಿಡದೆ ಹಿಡಿಯೋ ಜಿಟಿಜಿಟಿ ಸಂದಿ ಹುಡುಕಿಕೊಂಡು ಒಳಗೆ ಬರುತ್ತದೆ.

ಒಳಗಿನ ಕಟ್ಟಿಗೆ ಕೆಲಸ

ಬಡಿಗೇರರ ಹತ್ತಿರ ಹೋದರೆ ಮೊದಲು 19 ಎಂಎಂ ಪ್ಲೈ ಅನ್ನುತ್ತಾರೆ. ಮನೆಯ ವಾರ್ಡ್‌ರೋಬಿನ ಅಭ್ಯಾಸ. 8 ಅಡಿಗೆ 4 ಅಡಿ ಅಳತೆಯ 19 ಎಂಎಂ ಹಾಳೆ ಒಂದಕ್ಕೆ ಹೆಚ್ಚುಕಮ್ಮಿ 35 ಕಿಲೋ. 12 ಎಂಎಂ ಆದರೆ 22ರ ಆಸುಪಾಸು. ಏಳೆಂಟು ಹಾಳೆ ಬೇಕಾಗೋ ಕಡೆ ಇದು ಒಂದು ಕ್ವಿಂಟಲ್ ವ್ಯತ್ಯಾಸ. ಮಂಚಕ್ಕೆ 12, ಕಪಾಟಿನ ಬಾಗಿಲಿಗೆ 9, ಬದಿಯ ಹೊದಿಕೆಗೆ 4 ಎಂಎಂ ಸಾಕು. ಕೆಳಗೆ ಚೌಕಟ್ಟು ಗಟ್ಟಿ ಇದ್ದರೆ ಆಯಿತು.

ದರ್ಜೆ ವಿಷಯ. ಅಂಗಡಿಯಲ್ಲಿ ಕಮರ್ಷಿಯಲ್ ಅಂತ ಕೊಡೋದು ಎಂಆರ್ ದರ್ಜೆ, ಅದು ತೇವ ಸ್ವಲ್ಪ ತಡೆಯುತ್ತದೆ ಅಷ್ಟೇ. ಬಿಡಬ್ಲ್ಯೂಆರ್, ಅಂದರೆ ಕುದಿನೀರು ತಡೆಯೋ ದರ್ಜೆ, ಅದಕ್ಕಿಂತ ಮೇಲು. ಐಎಸ್ 710 ಅಂತ ಮುದ್ರೆ ಇರೋದು ಮರೈನ್ ಪ್ಲೈ, ಕುದಿಯೋ ನೀರಲ್ಲಿ ಹಾಕಿ ಪರೀಕ್ಷೆ ಮಾಡಿರೋದು. ಮೂರನ್ನೂ ಬೇರೆ ಬೇರೆ ಜಾಗಕ್ಕೆ ಬಳಸಿ. ನಾವು ನೆಲ ಮತ್ತು ಸಿಂಕ್ ಕೆಳಗೆ 710 ಹಾಕಿದೆವು. ಮಂಚಕ್ಕೆ ಬಿಡಬ್ಲ್ಯೂಆರ್. ಮೇಲಿನ ಕಪಾಟಿಗೆ ಕಮರ್ಷಿಯಲ್. ಎಲ್ಲಕ್ಕೂ ಮರೈನ್ ಹಾಕಿ ಅಂತ ಅಂಗಡಿಯವರು ಒತ್ತಾಯ ಮಾಡಿದರು, ಚಹಾನೂ ತರಿಸಿದರು. ಚಹಾ ಕುಡಿದು ನಮ್ಮ ಪಟ್ಟಿಯ ಪ್ರಕಾರವೇ ತಂದೆವು. ಯಾವ ದರ್ಜೆಯದೇ ಆಗಲಿ, ಕತ್ತರಿಸಿದ ಅಂಚಿಗೆ ಎರಡು ಸಲ ವಾರ್ನಿಶ್ ಬಳಿಯಬೇಕು. ನೀರು ಒಳಗೆ ಹೋಗೋದು ಅಂಚಿನಿಂದಲೇ.

ಈಗ ಪಿವಿಸಿ ಫೋಮ್ ಬೋರ್ಡ್ ಅಂತ ಬಂದಿದೆ. ನೀರು ಕುಡಿಯಲ್ಲ, ಗೆದ್ದಲು ಹಿಡಿಯಲ್ಲ, ಕೇಳೋಕೆ ಚೆನ್ನಾಗಿದೆ. ಆದರೆ ಸ್ಕ್ರೂ ಹಿಡಿತ ಕಮ್ಮಿ, ಬಿಸಿಲಿಗೆ ನಿಂತ ಗಾಡಿಯಲ್ಲಿ ಬಾಗುತ್ತದೆ. ಸಿಂಕ್ ಪಕ್ಕದ ಸಣ್ಣ ಬಾಗಿಲಿಗೆ ಹಾಕಬಹುದು, ಭಾರ ಹೊರೋ ಕಡೆ ಬೇಡ.

ಗೋಡೆಯೊಳಗೆ ಬಿಸಿಲು ತಡೆಯೋಕೆ ಏನು ತುಂಬಬೇಕು? ಗ್ಲಾಸ್ ವೂಲ್ ಬೇಡವೇ ಬೇಡ, ಒದ್ದೆ ಆದರೆ ಹಿಂಡದ ಸ್ಪಂಜಿನ ಹಾಗೆ ತಗಡಿಗೆ ಅಂಟಿ ಕೂರುತ್ತದೆ. ಥರ್ಮಾಕೋಲ್ ಕಿರ್ ಕಿರ್ ಅನ್ನುತ್ತದೆ, ಬೆಂಕಿಗೂ ಬೇಗ ಹತ್ತಿಕೊಳ್ಳುತ್ತದೆ. ಎಸಿ ಪೈಪಿಗೆ ಸುತ್ತೋ ಕಪ್ಪು ನೈಟ್ರೈಲ್ ಫೋಮ್ ಹಾಳೆ ಅಂಟಿಸಿ, ನೀರು ಹೀರಲ್ಲ. ಜೊತೆಗೆ ಚಾವಣಿಗೆ ಬಿಳಿ ಬಣ್ಣ. ನಮಗೆ ಚಳಿಯ ಚಿಂತೆ ಎಲ್ಲಿದೆ, ಬಿಸಿಲಿನದೇ.

ಬ್ಯಾಟರಿ: ಲೆಕ್ಕ ತಪ್ಪಿದ್ದು ಇಲ್ಲಿ

ಬ್ಯಾಟರಿ ಡಬ್ಬಿ ಇರೋದು ಮಂಚದ ಕೆಳಗೆ, ಒಣಗಿದ ಜಾಗ. ನಮ್ಮ ಸೂತ್ರದ ಪ್ರಕಾರ ಅಗ್ಗದ್ದು ಸಾಕು. ಮನೆಯಲ್ಲಿ ಇನ್ವರ್ಟರಿಗೆ ಇದ್ದ 150 ಎಎಚ್ (ಆ್ಯಂಪಿಯರ್-ಅವರ್) ಟ್ಯೂಬ್ಯುಲರ್, ಅಂದರೆ ಆ್ಯಸಿಡ್ ತುಂಬಿದ ದೊಡ್ಡ ಬ್ಯಾಟರಿ ಎತ್ತಿ ಇಟ್ಟೆವು. ಇಟ್ಟೆವು ಅನ್ನೋದು ಸುಲಭ, ಐವತ್ತು ಕಿಲೋ ದಾಟಿದ ತೂಕ. ಮೊದಲ ಉದ್ದದ ಪ್ರಯಾಣ ಅಂಕೋಲಾಕ್ಕೆ. ಅರಬೈಲ್ ಘಟ್ಟದ ತಿರುವುಗಳಲ್ಲಿ ಅದು ವಾಲಿ, ಮೇಲಿನ ಮುಚ್ಚಳದ ಸಂದಿಯಿಂದ ಆ್ಯಸಿಡ್ ಹೊರಗೆ ಬಂತು. ಕಡಲು ನೋಡೋ ಮುಂಚೆ ಕೊಳೆತ ಮೊಟ್ಟೆಯ ವಾಸನೆ ನೋಡಿದೆವು. ಹೊಸ ಮರೈನ್ ಪ್ಲೈ ಮೇಲೆ ಅಂಗೈ ಅಗಲದ ಕಪ್ಪು ಕಲೆ ಇವತ್ತಿಗೂ ಇದೆ. ದಾರಿಬದಿಯ ಅಂಗಡಿಯಲ್ಲಿ ಅಡಿಗೆ ಸೋಡಾ ಕೊಂಡು ಸುರಿದು ಬುರುಗು ನಿಲ್ಲೋವರೆಗೂ ಕಾದೆವು.

ಟ್ಯೂಬ್ಯುಲರ್ ಮನೆಗೆ ಒಳ್ಳೇದು. ಅಲ್ಲಿ ಅದು ನಿಂತಲ್ಲೇ ನಿಲ್ಲುತ್ತದೆ. ಗಾಡಿಯಲ್ಲಿ ಅಲುಗಾಟ, ಭಾರ, ಸಾಲದ್ದಕ್ಕೆ ಚಾರ್ಜ್ ಆಗೋವಾಗ ಹೈಡ್ರೋಜನ್ ಹೊರಬರುತ್ತದೆ. ಮಲಗೋ ಜಾಗದ ಕೆಳಗೆ ಇಟ್ಟರೆ ಹೊರಕ್ಕೆ ಗಾಳಿ ದಾರಿ ಬೇಕೇಬೇಕು. ಅದರ ಶಕ್ತಿಯಲ್ಲಿ ಅರ್ಧ ಮಾತ್ರ ಬಳಸಬೇಕು, ಪೂರ್ತಿ ಹಿಂಡಿದರೆ ಬೇಗ ಸಾಯುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ 100 ಎಎಚ್‌ಗೆ ಹನ್ನೆರಡು ಕಿಲೋ ಆಸುಪಾಸು, ಒಳಗಿರೋ ಸುಮಾರು 1,280 ವ್ಯಾಟ್-ಅವರ್‌ನಲ್ಲಿ (ವ್ಯಾಟನ್ನು ಗಂಟೆಯಿಂದ ಗುಣಿಸಿದ ಲೆಕ್ಕ) ಹೆಚ್ಚಿನ ಪಾಲು ಬಳಸಬಹುದು. ಎರಡು ಸಾವಿರ ಸಲ ಚಾರ್ಜ್ ಮಾಡಿದರೂ ತಡೆಯುತ್ತದೆ. ಬೆಲೆ ಜಾಸ್ತಿ. ಅದಕ್ಕೆ ಹೊಂದೋ ಚಾರ್ಜರ್ ಬೇರೆ ಕೊಳ್ಳಬೇಕು. ಎಂಜಿನ್ ತಿರುಗಿದಾಗ ಕರೆಂಟ್ ಕೊಡೋ ಆಲ್ಟರ್ನೇಟರಿಂದ ನೇರ ತಂತಿ ಎಳೆದರೆ ಆಲ್ಟರ್ನೇಟರ್ ಸುಟ್ಟುಹೋಗಬಹುದು, ನಡುವೆ ಕರೆಂಟಿಗೆ ಮಿತಿ ಹಾಕೋ ಡಿಸಿ ಟು ಡಿಸಿ ಚಾರ್ಜರ್ ಬೇಕು.

ನಿಮ್ಮ ಬಳಕೆ ಎಷ್ಟು ಅಂತ ಮೊದಲು ಬರೆದು ನೋಡಿ. ನಮ್ಮದು ಹೀಗಿದೆ: 20 ವ್ಯಾಟಿನ ಫ್ಯಾನು ಎಂಟು ಗಂಟೆ, ಅಂದರೆ 160. ದೀಪ 50. ಫೋನುಗಳು 30. ಒಟ್ಟು 240 ವ್ಯಾಟ್-ಅವರ್. ಫ್ರಿಜ್ ಬೇಕು ಅಂದರೆ ಇನ್ನೂ ನಾನೂರು ಸೇರಿಸಿ. ಚಾವಣಿ ಮೇಲಿನ 100 ವ್ಯಾಟ್ ಸೋಲಾರ್ ಹಾಳೆ ಮಾರ್ಚ್ ಬಿಸಿಲಲ್ಲಿ ದಿನಕ್ಕೆ ಸುಮಾರು 400 ಕೊಡುತ್ತದೆ, ಆಷಾಢದ ಮೋಡದಲ್ಲಿ ಅದರ ಅರ್ಧವೂ ಕಷ್ಟ. ಫ್ರಿಜ್ ಇಲ್ಲದೆ ವಾರಕ್ಕೊಮ್ಮೆ ಒಂದು ರಾತ್ರಿ ಹೋಗಿ ಬರೋರಿಗೆ ಇಷ್ಟೆಲ್ಲ ಯಾಕೆ, ಒಂದು ಸೀಲ್ ಆದ ವಿಆರ್‌ಎಲ್‌ಎ ಬ್ಯಾಟರಿ ಸಾಕು. ಅದು ಚೆಲ್ಲಲ್ಲ.

ಅಡಿಗೆಗೆ ಇಂಡಕ್ಷನ್ ಅಂತ ಕೇಳೋರು ಇದ್ದಾರೆ. 1,800 ವ್ಯಾಟಿನ ಒಲೆ ಇಪ್ಪತ್ತು ನಿಮಿಷ ಉರಿದರೆ 600 ಖಾಲಿ. ಒಂದು ಅನ್ನ, ಅರ್ಧ ಬ್ಯಾಟರಿ. ಗ್ಯಾಸೇ ವಾಸಿ. 5 ಕಿಲೋ ಸಿಲಿಂಡರ್ ನೆಟ್ಟಗೆ ನಿಲ್ಲಿಸಿ ಬೆಲ್ಟ್ ಕಟ್ಟಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಕೂರುತ್ತದೆ. ಹಾಗಾಗಿ ಸಿಲಿಂಡರ್ ಡಬ್ಬಿಯ ತಳದಲ್ಲಿ ಹೊರಕ್ಕೆ ತೂತು ಇರಲೇಬೇಕು. ಒಳಗೆ ಮಲಗೋವಾಗ ರೆಗ್ಯುಲೇಟರ್ ಬಂದ್.

ಎಂಜಿನ್, ಟೈರು

ಇದಕ್ಕೆ ಮಿಸ್ತ್ರಿ ಮಾತೇ ಕೊನೆ, ಆದರೆ ಒಂದು ವಿಷಯದಲ್ಲಿ ಅವರ ಕೈ ಹಿಡಿದು ನಿಲ್ಲಿಸಿ. ವರ್ಷಗಟ್ಟಲೆ ನಿಂತ ಗಾಡಿಗೆ ಬ್ಯಾಟರಿ ಕಟ್ಟಿ ನೇರ ಸೆಲ್ಫ್ ಹೊಡೆಯೋದು ಬೇಡ. ಮೊದಲು ಡೀಸೆಲ್ ಟ್ಯಾಂಕ್ ಖಾಲಿ ಮಾಡಿಸಿ. ನಮ್ಮದರಲ್ಲಿ ಬೆಲ್ಲದ ಪಾಕದಂಥದ್ದು ಬಂತು. ಫಿಲ್ಟರ್, ಎಂಜಿನ್ ಆಯಿಲ್ ಬದಲಿಸಿ, ಸ್ಪ್ಯಾನರ್ ಹಾಕಿ ಎಂಜಿನ್ ಕೈಯಿಂದ ಎರಡು ಸುತ್ತು ತಿರುಗಿಸಿ ನೋಡಿ. ಬ್ರೇಕ್ ಆಯಿಲ್ ತೇವ ಹೀರುತ್ತದೆ, ಹಳೇದನ್ನು ನಂಬಬೇಡಿ. ಇಲಿ ಕಡಿದ ವೈರಿಗೆ ಟೇಪ್ ಸುತ್ತೋದಾ, ಹೊಸ ವೈರಿಂಗಾ? ಒಂದೆರಡು ಕಡೆ ಆದರೆ ಟೇಪು, ನಾಲ್ಕು ಕಡೆ ದಾಟಿದರೆ ಹೊಸದು.

ಟೈರಿನ ಮೇಲಿನ ಗೀರು ಇನ್ನೂ ಸವೆದಿಲ್ಲ ಅಂತ ಬಿಡಬೇಡಿ. ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2314 ಅಂದರೆ 2014ರ 23ನೇ ವಾರ. ಹತ್ತು ವರ್ಷ ದಾಟಿದ್ದು ಉಯ್ಯಾಲೆಗೆ ಸರಿ.

ಬಣ್ಣ, ಹಾಸಿಗೆ

ಪಿಯು ಪೇಂಟ್ ಬೂತಿನಲ್ಲಿ ಹೊಡೆಸಿದರೆ ಕನ್ನಡಿ. ಆದರೆ ಅದರ ಹಾರ್ಡನರ್‌ನಲ್ಲಿ ಐಸೊಸಯನೇಟ್ ಅನ್ನೋ, ಶ್ವಾಸಕೋಶಕ್ಕೆ ಕೆಟ್ಟ ರಾಸಾಯನಿಕ ಇರುತ್ತದೆ, ಮನೆ ಮುಂದೆ ಕರ್ಚೀಫ್ ಕಟ್ಟಿಕೊಂಡು ಹೊಡೆಯೋ ವಸ್ತು ಅಲ್ಲ. ಸಿಂಥೆಟಿಕ್ ಎನಾಮೆಲ್ ರೋಲರ್‌ನಲ್ಲಿ ನೀವೇ ಹಚ್ಚಬಹುದು. ಹತ್ತಿರ ಹೋದರೆ ಕಿತ್ತಳೆ ಸಿಪ್ಪೆ ಹಾಗೆ ಕಾಣುತ್ತದೆ, ಹತ್ತು ಅಡಿ ದೂರದಿಂದ ಯಾರಿಗೂ ಗೊತ್ತಾಗಲ್ಲ. ಕೆಳಗಿನ ಪ್ರೈಮರ್ ಸರಿ ಇದ್ದರೆ ನಾನು ರೋಲರ್ ಪರ. ಬಣ್ಣವನ್ನೇ ಬದಲಿಸಿದರೆ ಮಾತ್ರ ಆರ್‌ಸಿಯಲ್ಲಿ ನಮೂದು ಮಾಡಿಸಿ.

ಹತ್ತಿ ಗಾದಿ ತೇವ ಹೀರಿ ಭಾರ ಆಗುತ್ತದೆ, ಮಳೆಗಾಲದಲ್ಲಿ ವಾಸನೆ. ಫೋಮ್ ಹಾಕಿ, ಕೆಳಗೆ ಪೂರ್ತಿ ಪ್ಲೈ ಬದಲು ಪಟ್ಟಿ ಪಟ್ಟಿ ಬಿಟ್ಟರೆ ಗಾಳಿ ಆಡುತ್ತದೆ. ಇಬ್ಬರು ಮಲಗಿ ಉಸಿರಾಡಿದ ತೇವವೇ ಬೆಳಗ್ಗೆ ಹಾಸಿಗೆ ಅಡಿ ಒದ್ದೆ ಮಾಡುತ್ತದೆ. ನೆಲಕ್ಕೆ ಕಾರ್ಪೆಟ್ ಅಂಟಿಸೋ ಬದಲು ಬಸ್ಸಿನ ವಿನೈಲ್ ಹಾಸಿ, ಮೇಲೆ ಒಂದು ನವಲಗುಂದ ಜಮಖಾನ. ಕೊಡವಿ ಒಣಗಿಸಬಹುದು. ಹೊದಿಕೆಗೆ ಅವ್ವನ ಕೌದಿಗಿಂತ ಒಳ್ಳೇದು ನನಗಂತೂ ಸಿಕ್ಕಿಲ್ಲ.

ಕೆಲಸ ಯಾರಿಗೆ ಕೊಡೋದು?

ಎಲ್ಲ ನಾವೇ ಮಾಡುತ್ತೇವೆ ಅನ್ನೋದು ಹುಮ್ಮಸ್ಸು. ಎಲ್ಲ ಒಬ್ಬರಿಗೇ ಒಪ್ಪಿಸೋದು ಸೋಮಾರಿತನ. ಒಂದು ಗ್ಯಾರೇಜಿನಲ್ಲಿ ನಮ್ಮ ಗಾಡಿ ಮೂರು ತಿಂಗಳು ಸುಮ್ನೆ ನಿಂತಿತ್ತು. ದಿನಾ ಫೋನ್ ಮಾಡಿದರೆ "ನಾಳಿ ಬರ್ರಿ" ಅಂತಿದ್ದರು. ಬೆಸುಗೆ, ಬ್ರೇಕು, ಗ್ಯಾಸ್ ಪೈಪು ಮೂರನ್ನು ಕೆಲಸ ಬಲ್ಲವರಿಗೇ ಕೊಡಿ. ಶುಚಿ, ಸೀಲರ್ ಹಚ್ಚೋದು, ಒಳಗಿನ ಕಟ್ಟಿಗೆ, ಬಣ್ಣ ನೀವು ಮಾಡಿ. ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳದ ಕಡೆ ತಗಡಿನ ಕೆಲಸದವರು ಇದ್ದಾರೆ. ಧಾರವಾಡದಲ್ಲಿ ಟಾಟಾದವರ ಬಸ್ ಕಾರ್ಖಾನೆ (ಮೊದಲು ಟಾಟಾ ಮಾರ್ಕೊಪೋಲೊ ಅಂತಿತ್ತು) ಇರೋದರಿಂದ ಬಸ್ ಬಾಡಿ ಕೆಲಸ ಬಲ್ಲ ಕೈಗಳೂ ಹುಡುಕಿದರೆ ಸಿಗುತ್ತವೆ. ಮುಂಗಡ ಕೊಡೋವಾಗ ಯಾವ ಕೆಲಸಕ್ಕೆ ಎಷ್ಟು ಅಂತ ಬಿಡಿ ಬಿಡಿಯಾಗಿ ಬರೆಸಿಕೊಳ್ಳಿ. ಬೆಸುಗೆ ಆದ ಮೇಲೆ, ಪ್ರೈಮರ್ ಬೀಳೋ ಮುಂಚೆ ಹೋಗಿ ಫೋಟೋ ತೆಗೆಯಿರಿ. ಪುಟ್ಟಿ ಬಿದ್ದ ಮೇಲೆ ಎಲ್ಲ ಬೆಸುಗೆಯೂ ಒಂದೇ ಥರ ಕಾಣುತ್ತದೆ.

ಒಂದು ಆಯ್ಕೆ ನಮ್ಮಲ್ಲಿ ಇನ್ನೂ ಬಾಕಿ ಇದೆ. ಡಿಸೆಂಬರ್‌ನಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತು ನೋಡೋಕೆ ಹೋಗಿದ್ದೆವು. ರಾತ್ರಿ ಗಾಡಿಯಲ್ಲೇ ಮಲಗಿ, ಬೆಳಗಿನ ಜಾವ ಗಾಜಿಗೆ ಮಂಜು ಹಿಡಿದಿದೆ ಅಂತ ತಮ್ಮ ಬ್ಲೋವರ್ ಹಾಕಿದ. ಎಲ್ಲರೂ ಸೀನೋಕೆ ಶುರು. ಗಾಳಿ ಬರೋ ಕೊಳವೆಯೊಳಗೆ ಬ್ಯಾಡಗಿ ಪುಡಿ ಇನ್ನೂ ಕೂತಿದೆ. ಅದನ್ನು ತೆಗೆಯಬೇಕಾದರೆ ಇಡೀ ಡ್ಯಾಶ್‌ಬೋರ್ಡ್ ಬಿಚ್ಚಬೇಕು, ಎರಡು ದಿನದ ಕೆಲಸ ಅಂತಾನೆ ಮಿಸ್ತ್ರಿ. ಅಲ್ಲಿಗೆ ನೀರು ಬರಲ್ಲ. ಹಾಗಾಗಿ ಸದ್ಯಕ್ಕೆ ಬ್ಲೋವರ್ ಬಂದ್ ಮಾಡಿ, ಕಿಟಕಿ ತೆಗೆದು ಓಡಿಸುತ್ತಿದ್ದೇವೆ.